ಸ್ಕೇಲಿಗೆ ಬಗ್ಗದ ಉಗಿ: ತೋಟದ ಹಳಿಗೆ ಎಂಜಿನ್ ಕಟ್ಟುವಾಗ

ಒಂದು ಸಣ್ಣ ಲೆಕ್ಕದಿಂದ ಶುರು ಮಾಡೋಣ. ಮೀಟರ್ ಗೇಜಿನ, ಅಂದರೆ ಹಳಿಗಳ ನಡುವೆ ಒಂದು ಮೀಟರ್ ಅಂತರದ, ಎಂಜಿನ್ನನ್ನು 1:22.5 ಸ್ಕೇಲಿಗೆ ಇಳಿಸಿದರೆ ಹಳಿಯ ಅಗಲ 44.4 ಮಿ.ಮೀ. ಬರುತ್ತದೆ. ತೋಟದ ರೈಲಿನ 45 ಮಿ.ಮೀ. ಹಳಿಗೆ ಸಾಕಷ್ಟು ಹತ್ತಿರ. ಆದರೆ ಉದ್ದ 22.5 ಪಟ್ಟು ತಗ್ಗಿದಾಗ ಮೇಲ್ಮೈ ತಗ್ಗುವುದು 506 ಪಟ್ಟು, ಒಳಗಿನ ಜಾಗ ತಗ್ಗುವುದು 11,390 ಪಟ್ಟು. ಅಂದರೆ ಸಿಲಿಂಡರಿನೊಳಗೆ ಹಿಡಿಯುವ ಉಗಿಗೆ ಹೋಲಿಸಿದರೆ ಅದನ್ನು ತಣ್ಣಗಾಗಿಸುವ ಲೋಹದ ಗೋಡೆ ದೊಡ್ಡ ಎಂಜಿನ್ನಿಗಿಂತ 22.5 ಪಟ್ಟು ಹೆಚ್ಚು. ಮಾದರಿ ಎಂಜಿನ್ನುಗಳ ಮುಕ್ಕಾಲು ಪಾಲು ತಕರಾರುಗಳ ಬೇರು ಇಲ್ಲೇ ಇದೆ. ಲೋಹವನ್ನು ನಾವು ಎಷ್ಟು ಬೇಕಾದರೂ ಚಿಕ್ಕದು ಮಾಡಬಹುದು. ನೀರು, ಬೆಂಕಿ, ಉಗಿ ಮಾತ್ರ ಪೂರ್ತಿ ಗಾತ್ರದಲ್ಲೇ ಉಳಿಯುತ್ತವೆ. ಹಾಗಾಗಿ ನಕ್ಷೆಯ ಮಾತನ್ನು ಎಲ್ಲಿ ಕೇಳಬೇಕು, ಎಲ್ಲಿ ಮೀರಬೇಕು ಎನ್ನುವುದೇ ಈ ಉಪನ್ಯಾಸದ ವಿಷಯ.

ಗೇಜಿನ ಗೊಂದಲವನ್ನು ಮೊದಲು ಮುಗಿಸಿಬಿಡೋಣ. ಅದೇ 45 ಮಿ.ಮೀ. ಹಳಿಯ ಮೇಲೆ 1:32ರಲ್ಲಿ ಸ್ಟ್ಯಾಂಡರ್ಡ್ ಗೇಜ್, 1:22.5ರಲ್ಲಿ ಮೀಟರ್ ಗೇಜ್, 1:20.3ರಲ್ಲಿ ಮೂರಡಿ ಗೇಜ್ ಓಡುತ್ತವೆ. ಎಲ್‌ಜಿಬಿ ಎಂಬ ಜರ್ಮನ್ ಮಾದರಿ ರೈಲಿನ ಬ್ರ್ಯಾಂಡು 1968ರಲ್ಲಿ ಮಾರುಕಟ್ಟೆಗೆ ತಂದ ತೋಟದ ರೈಲು ಈ ಎರಡನೆಯ ಬಗೆಯದು. ಎರಡಡಿ ಗೇಜಿನವರು 32 ಮಿ.ಮೀ. ಹಳಿಯ ಮೇಲೆ 1:19 ಹಿಡಿಯುತ್ತಾರೆ. ಮೊದಲ ಬಾರಿ ಕಟ್ಟುವವರಿಗೆ ನ್ಯಾರೋ ಗೇಜಿನ (ಕಿರಿದಾದ ಹಳಿಯ) ಟ್ಯಾಂಕ್ ಎಂಜಿನ್ನೇ, ಅಂದರೆ ನೀರನ್ನು ತನ್ನ ಮೈಮೇಲೇ ಹೊರುವ ಎಂಜಿನ್ನೇ, ಒಳ್ಳೆಯದು. ಸಣ್ಣ ಹಳಿಯ ಮೇಲೆ ದಪ್ಪ ಮೈ, ಆದ್ದರಿಂದ ಬಾಯ್ಲರಿಗೆ ಜಾಗ ಸಿಗುತ್ತದೆ. ಇವತ್ತಿನ ಲೆಕ್ಕಗಳಿಗೆಲ್ಲ ಅಂಥದ್ದೊಂದು ಎಂಜಿನ್ನನ್ನೇ ಇಟ್ಟುಕೊಳ್ಳುತ್ತೇನೆ: ಆರೂ ಚಕ್ರ ಜೋಡಿಸಿದ್ದು, ಚಕ್ರದ ವ್ಯಾಸ 40 ಮಿ.ಮೀ., ಸಿಲಿಂಡರಿನ ಒಳವ್ಯಾಸ 12, ಸ್ಟ್ರೋಕ್ (ಪಿಸ್ಟನ್ನಿನ ಓಟ) 16, ತೂಕ ನಾಲ್ಕೂವರೆ ಕಿಲೋ, ಗ್ಯಾಸಿನಿಂದ ಕಾಯುವ ತಾಮ್ರದ ಬಾಯ್ಲರ್, ಗರಿಷ್ಠ ಒತ್ತಡ 4 ಬಾರ್.

ಸಿಲಿಂಡರ್ 12 ಯಾಕೆ, 14 ಯಾಕಲ್ಲ? ಎಲ್ಲರೂ ದೊಡ್ಡದರ ಕಡೆಗೇ ವಾಲುತ್ತಾರೆ. ಸಿಲಿಂಡರಿಗೆ 2.8 ಬಾರ್ ಸಿಕ್ಕಿತು ಅಂದುಕೊಂಡು ಎಳೆಯುವ ಬಲದ ಮಾಮೂಲಿ ಸೂತ್ರ ಹಾಕಿದರೆ 12 ಮಿ.ಮೀ. ಸಿಲಿಂಡರುಗಳಿಂದಲೇ ಸುಮಾರು 13.7 ನ್ಯೂಟನ್ ಬರುತ್ತದೆ. ನಾಲ್ಕೂವರೆ ಕಿಲೋ ಎಂಜಿನ್ನಿನ ಚಕ್ರಕ್ಕೆ ಹಳಿಯ ಮೇಲೆ ಸಿಗುವ ಹಿಡಿತ 9ರಿಂದ 11 ನ್ಯೂಟನ್. ಅದಕ್ಕಿಂತ ಹೆಚ್ಚು ಬಲ ಕೊಟ್ಟರೆ ಚಕ್ರ ನಿಂತಲ್ಲೇ ಜಾರಿ ತಿರುಗುತ್ತದೆ, ಅಷ್ಟೆ. 14ಕ್ಕೆ ಏರಿಸಿದರೆ ಎಳೆತ ಹೆಚ್ಚುವುದಿಲ್ಲ; ಉಗಿಯ ಖರ್ಚು ಮಾತ್ರ ನೂರಕ್ಕೆ 36ರಷ್ಟು ಹೆಚ್ಚುತ್ತದೆ.

ಇನ್ನು ಫ್ರೇಮ್. 3 ಮಿ.ಮೀ. ಉಕ್ಕಿನ ತಗಡು ಎರಡು ತುಂಡು, ಒಂದರ ಮೇಲೊಂದಿಟ್ಟು ರಿವೆಟ್ ಹೊಡೆದು ಜೋಡಿಯಾಗಿಯೇ ಕತ್ತರಿಸಿ, ಜೋಡಿಯಾಗಿಯೇ ತೂತು ಕೊರೆಯಬೇಕು. ಹೊಳೆಯುವ ಕೋಲ್ಡ್ ರೋಲ್ಡ್ ತಗಡು ನೋಡಲು ಚೆಂದ, ಆದರೆ ರೋಲಿಂಗಿನ ಬಿಗುವು ಅದರ ಮೈಯಲ್ಲಿ ಅಡಗಿರುತ್ತದೆ. ಆಕ್ಸಲ್ (ಚಕ್ರದ ಅಚ್ಚು) ಹಿಡಿಯುವ ಬಾಕ್ಸಿನ ಕಂಡಿ ಕತ್ತರಿಸಿದ ಕೂಡಲೇ ಬಾಳೆಹಣ್ಣಿನಂತೆ ಬಾಗುತ್ತದೆ. ಕಪ್ಪು ಹಾಟ್ ರೋಲ್ಡ್ ತಗಡು ತಂದು ಮೇಲಿನ ಸಿಪ್ಪೆ ಉಜ್ಜಿ ತೆಗೆಯುವುದೇ ಲೇಸು. ಆಕ್ಸಲ್ ಬಾಕ್ಸುಗಳು ಗನ್‌ಮೆಟಲಿನವು, ಅಂದರೆ ಒಂದು ಬಗೆಯ ಕಂಚಿನವು; ಮೇಲೆ ಕೆಳಗೆ ಒಂದೊಂದು ಮಿಲಿಮೀಟರ್ ಆಡಬೇಕು. ತೋಟದ ಹಳಿ ಮಳೆ ಬಂದರೆ ಒಂದು ಕಡೆ ಕುಸಿಯುತ್ತದೆ, ಬಿಸಿಲು ಬಂದರೆ ಇನ್ನೊಂದು ಕಡೆ ಉಬ್ಬುತ್ತದೆ. ಗಟ್ಟಿಯಾಗಿ ಕೂತ ಆರು ಚಕ್ರದಲ್ಲಿ ಮೂರು ಗಾಳಿಯಲ್ಲೇ ಇರುತ್ತವೆ.

ಚಕ್ರಗಳು ಎರಕದ ಕಬ್ಬಿಣದವು, ಆಕ್ಸಲ್ 6 ಮಿ.ಮೀ. ಸಿಲ್ವರ್ ಸ್ಟೀಲ್. ಚಕ್ರಗಳ ಒಳಮೈಯಿಂದ ಒಳಮೈಗೆ 40 ಮಿ.ಮೀ. ಇಲ್ಲಿ ನಕ್ಷೆಯ ಮಾತು ಕೇಳಬೇಡಿ, ಹಳಿಯ ಮಾತು ಕೇಳಿ. ಸ್ಕೇಲಿನ ಪ್ರಕಾರ ಫ್ಲೇಂಜ್ (ಚಕ್ರ ಹಳಿ ಬಿಟ್ಟು ಸರಿಯದಂತೆ ತಡೆಯುವ ಅಂಚು) ಮಾಡಿದರೆ ಕಡ್ಡಿಯಷ್ಟು ದಪ್ಪ ಬರುತ್ತದೆ. ಹಳಿ ಕವಲೊಡೆಯುವ ಮೊದಲ ಪಾಯಿಂಟಿನಲ್ಲೇ ಎಂಜಿನ್ ಕೆಳಗಿಳಿಯುತ್ತದೆ. ಫ್ಲೇಂಜೂ ಚಕ್ರದ ಮೈಯೂ ಸೇರುವ ಮೂಲೆಯನ್ನು ಚೂಪಾಗಿ ಬಿಡದೆ ದುಂಡಗೆ ತಿರುವಬೇಕು.

ಬಲಗಡೆಯ ಕ್ರಾಂಕ್ (ರಾಡ್ ಹಿಡಿಯುವ ಚಕ್ರದ ತೋಳು) ಎಡಗಡೆಯದಕ್ಕೆ 90 ಡಿಗ್ರಿ ಮುಂದೆಯೋ ಹಿಂದೆಯೋ ಇರಬೇಕಲ್ಲ, ಅದನ್ನು ಕೂರಿಸುವಾಗ ಒಂದು ತಪ್ಪು ತಿಳಿವಳಿಕೆ ಇದೆ. 90 ಅಂದರೆ 90ಏ ಆಗಬೇಕು ಎಂದು ಜನ ಒದ್ದಾಡುತ್ತಾರೆ. 89 ಆದರೂ ಎಂಜಿನ್ ಓಡುತ್ತದೆ, ಆದರೆ ಮೂರೂ ಆಕ್ಸಲಿನಲ್ಲಿ ಅದೇ 89 ಇರಬೇಕು. ಆದ್ದರಿಂದ ಪ್ರತ್ಯೇಕವಾಗಿ ಅಳೆಯದೆ ಒಂದೇ ಜಿಗ್ (ಕೋನ ಹಿಡಿದಿಡುವ ಚೌಕಟ್ಟು) ಮಾಡಿ ಮೂರನ್ನೂ ಅದರಲ್ಲೇ ಕೂರಿಸಿ. ಚಕ್ರದ ತೂತು ಆಕ್ಸಲಿಗಿಂತ 0.03 ಮಿ.ಮೀ. ದೊಡ್ಡದಿರಲಿ, ಲಾಕ್‌ಟೈಟ್ 638 ಅಂಟು ಹಚ್ಚಿ ಜಿಗ್ಗಿನಲ್ಲಿಟ್ಟು ಒಂದು ದಿನ ಮುಟ್ಟಬೇಡಿ. ತಪ್ಪಾಗಿ ಕೂತಿದ್ದರೆ ಸುಮಾರು 250 ಡಿಗ್ರಿಗೆ ಕಾಯಿಸಿದರೆ ಬಿಡುತ್ತದೆ.

ಆಮೇಲೆ ಚಕ್ರಗಳನ್ನು ಒಂದಕ್ಕೊಂದು ಜೋಡಿಸುವ ಕಪ್ಲಿಂಗ್ ರಾಡ್ ಹಾಕಿ, ಪಿಸ್ಟನ್ ಏನೂ ಇಲ್ಲದೆ, ಫ್ರೇಮನ್ನು ಗಾಜಿನ ಮೇಲೆ ಬೆರಳಲ್ಲಿ ತಳ್ಳಿ. ಎಲ್ಲೋ ಬಿಗಿಯುತ್ತದೆ, ಬಿಗಿಯದಿದ್ದರೆ ಆಶ್ಚರ್ಯ. ಎಲ್ಲಿ ಬಿಗಿಯುತ್ತದೆ ಎನ್ನುವುದೇ ರೋಗ ಹೇಳುತ್ತದೆ. ಒಂದು ಕಡೆಯ ಕ್ರಾಂಕುಗಳು ಪೂರ್ತಿ ಮುಂದೆ ಅಥವಾ ಪೂರ್ತಿ ಹಿಂದೆ ಬಂದಾಗ, ಅಂದರೆ ಆ ಕಡೆಯ ಡೆಡ್ ಸೆಂಟರಿನಲ್ಲಿ, ಪ್ರತಿ ಸುತ್ತಿನಲ್ಲಿ ಎರಡು ಸಲ ಬಿಗಿದರೆ ಆ ಕಡೆಯ ರಾಡಿನ ತೂತುಗಳ ಅಂತರವೂ ಆಕ್ಸಲುಗಳ ಅಂತರವೂ ಒಂದೇ ಇಲ್ಲ. ಡೆಡ್ ಸೆಂಟರಿನಲ್ಲಿ ಚಕ್ರ ತುಸು ತಿರುಗಿ ಆ ತಪ್ಪನ್ನು ನುಂಗಲಾರದು. ಬದಲಿಗೆ ಕ್ರಾಂಕುಗಳು ಓರೆಯಾಗಿ 45 ಡಿಗ್ರಿಯ ಆಸುಪಾಸು ಇದ್ದಾಗ ಪ್ರತಿ ಸುತ್ತಿನಲ್ಲಿ ನಾಲ್ಕು ಸಲ ಬಿಗಿದರೆ ರಾಡ್ ಸರಿಯಾಗಿದೆ, ಯಾವುದೋ ಒಂದು ಆಕ್ಸಲಿನ 90 ತಪ್ಪಿದೆ. ಇದು ತಿಳಿಯದೆ ಎಲ್ಲ ತೂತುಗಳನ್ನೂ ಅರದಿಂದ ಉಜ್ಜಿ ಸಡಿಲ ಮಾಡುವುದು ಸುಲಭದ ದಾರಿ. ಎಂಜಿನ್ ಜೀವಮಾನವಿಡೀ ಗಡಗಡ ಅನ್ನುತ್ತದೆ. ರಾಡಿನ ತೂತಿಗೆ ಕೂರಿಸುವ ಬುಶ್ಶಿನಲ್ಲಿ 0.05ರಿಂದ 0.1 ಮಿ.ಮೀ. ಸಡಿಲಿಕೆ ಸಾಕು.

ಸಿಲಿಂಡರಿಗೆ ಬರೋಣ. ಗನ್‌ಮೆಟಲಿನ ಬ್ಲಾಕ್, ಉಗಿಯ ಕಂಡಿಗಳ ಮೇಲೆ ಜಾರಿ ಅವನ್ನು ತೆರೆದು ಮುಚ್ಚುವ ಸಮತಟ್ಟಾದ ಸ್ಲೈಡ್ ವಾಲ್ವ್. ಪಿಸ್ಟನ್ ವಾಲ್ವ್ ನೋಡಲು ಆಧುನಿಕ, ಆದರೆ ಸಣ್ಣ ಎಂಜಿನ್ನಿನಲ್ಲಿ ಶುರುವಿನಲ್ಲಿ ಸಿಲಿಂಡರ್ ತುಂಬ ತಣ್ಣೀರು ಸೇರಿಕೊಳ್ಳುತ್ತದೆ. ನೀರು ಕುಗ್ಗುವುದಿಲ್ಲ. ಸ್ಲೈಡ್ ವಾಲ್ವಾದರೆ ತನ್ನ ಪೀಠದಿಂದ ಕೊಂಚ ಎದ್ದು ನೀರನ್ನು ಹೊರಗೆ ಬಿಡುತ್ತದೆ. ಪಿಸ್ಟನ್ ವಾಲ್ವಿಗೆ ಆ ದಾಕ್ಷಿಣ್ಯವಿಲ್ಲ, ರಾಡ್ ಬಾಗುತ್ತದೆ ಅಥವಾ ಮುಚ್ಚಳ ಕೀಳುತ್ತದೆ.

ಅಳತೆಗಳು ಹೀಗಿವೆ. ಉಗಿಯ ಕಂಡಿ 1.5 ಮಿ.ಮೀ. ಅಗಲ, ನಡುವಿನ ಗೋಡೆ 1.5, ಹೊರಹೋಗುವ ಕಂಡಿ 3. ಎರಡು ಉಗಿಕಂಡಿಗಳ ಹೊರ ಅಂಚಿನಿಂದ ಹೊರ ಅಂಚಿಗೆ 9 ಆಯಿತು. ಎರಡೂ ಕಡೆ 0.75 ಲ್ಯಾಪ್ (ವಾಲ್ವ್ ನಡುವಿನಲ್ಲಿದ್ದಾಗ ಕಂಡಿಯ ಅಂಚು ದಾಟಿ ನಿಲ್ಲುವ ಭಾಗ) ಸೇರಿಸಿದರೆ ವಾಲ್ವಿನ ಉದ್ದ 10.5, ಅದರ ಹೊಟ್ಟೆಯ ಗುಳಿ 6. ವಾಲ್ವಿನ ಒಟ್ಟು ಓಡಾಟ 4 ಮಿ.ಮೀ., ಲೀಡ್, ಅಂದರೆ ಪಿಸ್ಟನ್ ತುದಿಯಲ್ಲಿದ್ದಾಗ ಕಂಡಿ ಆಗಲೇ ತೆರೆದಿರುವಷ್ಟು, 0.1. ಬೆಲ್ಜಿಯಮ್ಮಿನ ವಾಲ್ಶಾರ್ಟ್ 1844ರಲ್ಲಿ ರೂಪಿಸಿದ ವಾಲ್ವ್ ಗೇರನ್ನೇ, ಅಂದರೆ ವಾಲ್ವನ್ನು ಓಡಿಸುವ ಸನ್ನೆಗಳ ಜೋಡಣೆಯನ್ನೇ, ಬಳಸುವುದಾದರೆ ಪಿಸ್ಟನ್ನಿನ ಓಟವನ್ನು ವಾಲ್ವಿಗೆ ಬೆರೆಸುವ ಕಾಂಬಿನೇಶನ್ ಲಿವರಿನ ಹತ್ತಿರ ಒಂದು ಇಕ್ಕಟ್ಟು ಕಾದಿರುತ್ತದೆ. ಲ್ಯಾಪೂ ಲೀಡೂ ಸೇರಿ ಎರಡರಷ್ಟು 1.7, ಸ್ಟ್ರೋಕ್ 16. ಲಿವರಿನ ಮೇಲ್ತೋಳು ಕೆಳತೋಳುಗಳು ಇದೇ ಪ್ರಮಾಣದಲ್ಲಿರಬೇಕು. ಮೇಲಿನ ಎರಡು ಪಿನ್ನುಗಳ ನಡುವೆ 2.5 ಮಿ.ಮೀ. ಇಟ್ಟರೆ ಕೆಳಗಿನದು 23.5 ಮಿ.ಮೀ. ದೂರಕ್ಕೆ ಹೋಗುತ್ತದೆ. 1.5 ಮಿ.ಮೀ. ಪಿನ್ ಹಾಕಿದರೆ ಎರಡು ತೂತುಗಳ ನಡುವೆ ಉಳಿಯುವ ಲೋಹ ಒಂದೇ ಮಿಲಿಮೀಟರ್. ಅಲ್ಲಿ ಹಿತ್ತಾಳೆ ಬೇಡ, ಉಕ್ಕೇ ಆಗಬೇಕು. ಸ್ಲೈಡ್ ವಾಲ್ವಿಗೆ ಉಗಿ ಹೊರಗಿನ ಅಂಚಿನಿಂದ ನುಗ್ಗುವುದರಿಂದ ಗೇರಿನ ಚಲನೆ ತರುವ ರೇಡಿಯಸ್ ರಾಡಿನ ಪಿನ್ ಕೆಳಗೆ, ವಾಲ್ವ್ ರಾಡಿನದು ಮೇಲೆ. ಪಿಸ್ಟನ್ ವಾಲ್ವಿನ ಚಿತ್ರ ನೋಡಿ ಇವೆರಡನ್ನು ಅದಲು ಬದಲು ಮಾಡಿದವರ ಎಂಜಿನ್ ಬಿಕ್ಕಳಿಸುತ್ತ ನಿಲ್ಲುತ್ತದೆ. ಕಾರಣ ಹುಡುಕಲು ವಾರ ಹಿಡಿಯುತ್ತದೆ.

ವಾಲ್ವನ್ನೂ ಅದರ ಪೀಠವನ್ನೂ ಗಾಜಿನ ಮೇಲೆ ಸಣ್ಣ ಎಮರಿ ಕಾಗದ ಇಟ್ಟು ಎಂಟರ ಆಕಾರದಲ್ಲಿ ಉಜ್ಜಿ. ಮೈಯೆಲ್ಲ ಒಂದೇ ಬೂದು ಬಣ್ಣಕ್ಕೆ ಬಂದಾಗ ಸಮತಟ್ಟಾಗಿದೆ ಎಂದರ್ಥ. ಪಿಸ್ಟನ್ನಿಗೆ ವಿಟಾನ್ (ಬಿಸಿ ತಾಳುವ ರಬ್ಬರ್) ಒ-ರಿಂಗ್ ಅಥವಾ ಗ್ರಾಫೈಟ್ ನೂಲು. ಪಿಟಿಎಫ್‌ಇ (ಟೆಫ್ಲಾನ್) ಹಾಕುವುದಿದ್ದರೆ ಅದು ಬಿಸಿಗೆ ಲೋಹಕ್ಕಿಂತ ಬಹಳ ಹಿಗ್ಗುತ್ತದೆ ಎನ್ನುವುದು ನೆನಪಿರಲಿ. ತಣ್ಣಗಿದ್ದಾಗ ಬೆಣ್ಣೆಯಂತೆ ಓಡಿದ ಪಿಸ್ಟನ್ ಉಗಿ ಬಂದ ಎರಡೇ ನಿಮಿಷಕ್ಕೆ ಕಚ್ಚಿಕೊಳ್ಳುತ್ತದೆ.

ಬಾಯ್ಲರ್ ವಿಷಯಕ್ಕೆ ಹೆಚ್ಚು ಹೊತ್ತು ಕೊಡುತ್ತೇನೆ, ಯಾಕೆಂದರೆ ಉಳಿದದ್ದು ತಪ್ಪಿದರೆ ಎಂಜಿನ್ ನಿಲ್ಲುತ್ತದೆ, ಇದು ತಪ್ಪಿದರೆ ಕೈ ಹೋಗುತ್ತದೆ. 54 ಮಿ.ಮೀ. ಹೊರವ್ಯಾಸದ, 1.6 ಮಿ.ಮೀ. ದಪ್ಪದ ತಾಮ್ರದ ಕೊಳವೆ, 180 ಮಿ.ಮೀ. ಉದ್ದ, ಒಳಗೆ 22 ಮಿ.ಮೀ. ಬೆಂಕಿಯ ಕೊಳವೆ. ಬೆಸುಗೆಗೆ ಕಾದ ತಾಮ್ರ ಮೆತ್ತಗಾಗಿಬಿಡುತ್ತದೆ, ಆದ್ದರಿಂದ ಲೆಕ್ಕಕ್ಕೆ ಮೆತ್ತನೆ ತಾಮ್ರದ ಬಲವನ್ನೇ ಹಿಡಿಯಬೇಕು: ಚದರ ಮಿ.ಮೀ.ಗೆ ಸುಮಾರು 210 ನ್ಯೂಟನ್. ಸುರಕ್ಷತೆಗೆ ಅದನ್ನು ಎಂಟರಿಂದ ಭಾಗಿಸಿ 26. ಎರಡು ಗುಣಿಸು 26, ಗುಣಿಸು 1.6, ಭಾಗಿಸು 54: ಚದರ ಮಿ.ಮೀ.ಗೆ 1.54 ನ್ಯೂಟನ್, ಅಂದರೆ 15 ಬಾರ್. ನಮ್ಮದು 4 ಬಾರ್. ಕೊಳವೆಯ ಚಿಂತೆ ಬೇಡ. ಚಿಂತೆ ಇರುವುದು ಎರಡು ತುದಿಯ ತಟ್ಟೆಗಳದ್ದು. 4 ಬಾರಿನಲ್ಲಿ ಪ್ರತಿ ತಟ್ಟೆಯ ಮೇಲೆ ಬೀಳುವ ನೂಕು ಸುಮಾರು 67 ಕಿಲೋ, ಒಬ್ಬ ವಯಸ್ಕ ಹತ್ತಿ ನಿಂತಷ್ಟು. ಚಪ್ಪಟೆ ತಟ್ಟೆ ಅದಕ್ಕೆ ಉಬ್ಬುತ್ತದೆ. ಹಾಗಾಗಿ ತಟ್ಟೆ 3 ಮಿ.ಮೀ. ದಪ್ಪ, ಕೆಳಗೆ ಬೆಂಕಿಕೊಳವೆಯೇ ಎರಡು ತಟ್ಟೆಗಳನ್ನು ಹಿಡಿದುಕೊಂಡಿರುತ್ತದೆ, ಮೇಲ್ಭಾಗಕ್ಕೆ ಉದ್ದಕ್ಕೂ 5 ಮಿ.ಮೀ. ಕಂಚಿನ ಸ್ಟೇ (ತಟ್ಟೆಗಳನ್ನು ಎಳೆದು ಹಿಡಿಯುವ ಸರಳು) ಒಂದು.

ತಟ್ಟೆಯ ಅಂಚು ಮಡಿಸಲು ಉಕ್ಕಿನದೋ ಗಟ್ಟಿ ಮರದ್ದೋ ಅಚ್ಚು ಬೇಕು. ತಾಮ್ರವನ್ನು ಮಂದ ಕೆಂಪಿಗೆ ಕಾಯಿಸಿ ನೀರಿಗೆ ಹಾಕಿದರೆ ಮೇಣದಂತೆ ಬಗ್ಗುತ್ತದೆ. ಒಂದು ಸುತ್ತು ಬಡಿಯುವಷ್ಟರಲ್ಲಿ ಮತ್ತೆ ಗಡುಸಾಗುತ್ತದೆ. ಸುತ್ತಿಗೆಯ ದನಿ ಮಂದದಿಂದ ಟಣ್ ಎನ್ನುವುದಕ್ಕೆ ತಿರುಗಿದ ಕೂಡಲೇ ನಿಲ್ಲಿಸಿ ಮತ್ತೆ ಕಾಯಿಸಿ. ಹಟ ಹಿಡಿದು ಬಡಿದರೆ ಅಂಚು ಸೀಳುತ್ತದೆ. ಮೂರು ನಾಲ್ಕು ಸಲ ಕಾಯಿಸಬೇಕಾಗಬಹುದು.

ಬಾಯ್ಲರಿಗೆ ಹಾಕುವ ಬುಶ್ಶುಗಳು (ವಾಲ್ವು ಮುಂತಾದವನ್ನು ಕೂರಿಸುವ ತೂತಿನ ಬಳೆಗಳು) ಕಂಚಿನವೋ ಗನ್‌ಮೆಟಲಿನವೋ ಆಗಿರಬೇಕು. ಹಿತ್ತಾಳೆ ಬೇಡ. ಬಿಸಿನೀರು ಅದರ ಸತುವನ್ನು ನಿಧಾನಕ್ಕೆ ತಿಂದು, ನೋಡಲು ಗಟ್ಟಿಯಾಗಿ ಕಾಣುವ ರಂಧ್ರಮಯ ತಾಮ್ರವನ್ನು ಉಳಿಸುತ್ತದೆ.

ಬೆಸುಗೆ ನೂರಕ್ಕೆ 55 ಬೆಳ್ಳಿಯದು, 630ರಿಂದ 660 ಡಿಗ್ರಿಯಲ್ಲಿ ಕರಗುತ್ತದೆ. ಹಳೆಯ ಕಂಬಿಗಳಲ್ಲಿ ಕ್ಯಾಡ್ಮಿಯಂ ಇರುತ್ತಿತ್ತು, ಅದರ ಹೊಗೆ ವಿಷ. ಎಲ್ಲೋ ಮೂಲೆಯಲ್ಲಿ ಸಿಕ್ಕಿದರೆ ಬಳಸಬೇಡಿ. ಸೀಸ ತವರದ ಮೆತ್ತನೆ ಬೆಸುಗೆ ಬಾಯ್ಲರಿನ ಹತ್ತಿರವೂ ಬರಬಾರದು. ಜೋಡಣೆಯ ಸಂದು 0.05ರಿಂದ 0.1 ಮಿ.ಮೀ. ಇದ್ದರೆ ಬೆಸುಗೆ ತಾನಾಗಿ ಒಳಗೆ ಹರಿಯುತ್ತದೆ. ತೀರಾ ಬಿಗಿಯಾದರೆ ನುಗ್ಗುವುದಿಲ್ಲ, ಅಗಲವಾದರೆ ನಿಲ್ಲುವುದಿಲ್ಲ. ತಾಮ್ರ ಶಾಖವನ್ನು ಒಂದೆಡೆ ಉಳಿಯಗೊಡುವುದಿಲ್ಲ, ಆದ್ದರಿಂದ ಜೋಡಣೆಯನ್ನಷ್ಟೇ ಕಾಯಿಸುತ್ತೇನೆ ಅಂದರೆ ಆಗದು. ಸುತ್ತ ಬೆಂಕಿ ಇಟ್ಟಿಗೆ ಜೋಡಿಸಿ ಇಡೀ ಬಾಯ್ಲರನ್ನೇ ಕಾಯಿಸಬೇಕು. ಕಂಬಿಯನ್ನು ಜ್ವಾಲೆಗೆ ಹಿಡಿಯಬೇಡಿ, ಕಾದ ಲೋಹಕ್ಕೆ ಮುಟ್ಟಿಸಿ. ಲೋಹದ ಮೈ ಶುಚಿಯಾಗಿಡಲು ಹಚ್ಚಿದ ಫ್ಲಕ್ಸ್ ಮೊದಲು ನೊರೆಯಾಗಿ ಬಿಳಿಯಾಗುತ್ತದೆ, ಆಮೇಲೆ ನೀರಿನಂತೆ ತಿಳಿಯಾಗುತ್ತದೆ. ಆ ತಿಳಿಯಾದ ಗಳಿಗೆಯಿಂದ ಸ್ವಲ್ಪ ಹೊತ್ತಿಗೆ ಕಂಬಿ ಮುಟ್ಟಿಸಿದಲ್ಲಿ ಬೆಳ್ಳಿಯ ಗೆರೆಯೊಂದು ಸರ್ರನೆ ಸಂದಿನ ಸುತ್ತ ಓಡುತ್ತದೆ. ತಡ ಮಾಡಿದರೆ ಫ್ಲಕ್ಸ್ ಸತ್ತು ಕಪ್ಪು ಗಾಜಾಗುತ್ತದೆ, ಬೆಸುಗೆ ಗುಂಡುಗುಂಡಾಗಿ ಉರುಳಿ ಬೀಳುತ್ತದೆ. ಆಗ ಇನ್ನಷ್ಟು ಬೆಂಕಿ ಕೊಡುವುದು ತಪ್ಪು. ಆರಿಸಿ, ದುರ್ಬಲ ಆಮ್ಲದಲ್ಲಿ ತೊಳೆದು, ಹೊಸ ಫ್ಲಕ್ಸ್ ಹಚ್ಚಿ ಮೊದಲಿನಿಂದ ಮಾಡಿ. ತೊಳೆಯಲು ಸಿಟ್ರಿಕ್ ಆಮ್ಲವೇ ಸಾಕು. ಇನ್ನೊಂದು ಮಾತು, ಎಲ್ಲ ಕಡೆ ಮುಚ್ಚಿದ ಪಾತ್ರೆಯನ್ನು ಎಂದಿಗೂ ಕಾಯಿಸಬಾರದು. ಬುಶ್ಶಿನ ತೂತುಗಳು ತೆರೆದೇ ಇರಲಿ.

ಪರೀಕ್ಷೆ ನೀರಿನಿಂದ, ಕೆಲಸದ ಒತ್ತಡದ ಎರಡರಷ್ಟಕ್ಕೆ: 8 ಬಾರ್. ಒಳಗಿನ ಗಾಳಿಯೆಲ್ಲ ಹೊರಗೆ ಹೋಗುವಂತೆ ಕಂಠಮಟ್ಟ ನೀರು ತುಂಬಿ, ಕೈಪಂಪಿನಲ್ಲಿ ಒತ್ತಿ. ನೀರು ಕುಗ್ಗದ್ದರಿಂದ ಒಡೆದರೂ ಒಂದು ಚಿಮ್ಮು, ಅಷ್ಟೇ. ಅದೇ ಪರೀಕ್ಷೆಯನ್ನು ಗಾಳಿಯಿಂದ ಮಾಡಿದರೆ ಅದು ಬಾಂಬು. ತಟ್ಟೆಯ ನಡುವೆ ಡಯಲ್ ಗೇಜ್ ಇಟ್ಟು ನೋಡಿ. ಒತ್ತಡ ಇಳಿಸಿದ ಮೇಲೆ ಮುಳ್ಳು ಮೊದಲಿನ ಜಾಗಕ್ಕೆ ಮರಳಬೇಕು. ಸೂಜಿಮೊನೆಯ ಸೋರಿಕೆ ಕಂಡರೆ ಮತ್ತೆ ಬೆಳ್ಳಿ ಬೆಸುಗೆಯೇ ಗತಿ. ಆಮೇಲೆ ಉಗಿಯ ಪರೀಕ್ಷೆ: ಬೆಂಕಿ ಪೂರ್ತಿ ಉರಿಯುತ್ತಿರುವಾಗ, ಸಿಲಿಂಡರಿಗೆ ಉಗಿ ಬಿಡುವ ರೆಗ್ಯುಲೇಟರ್ ಮುಚ್ಚಿದ್ದಾಗ, ಸೇಫ್ಟಿ ವಾಲ್ವೊಂದೇ ಒತ್ತಡವನ್ನು 4.4 ಬಾರಿನೊಳಗೆ ಹಿಡಿದಿಡಬೇಕು. 3 ಮಿ.ಮೀ. ತೂತಿನ ವಾಲ್ವಿಗೆ 4 ಬಾರಿನಲ್ಲಿ ಸ್ಪ್ರಿಂಗ್ ಹೊರಬೇಕಾದದ್ದು ಸುಮಾರು 290 ಗ್ರಾಂ. ಅಡುಗೆಮನೆಯ ತಕ್ಕಡಿಯ ಮೇಲೆ ಸ್ಪ್ರಿಂಗ್ ಒತ್ತಿ ನೋಡಿಯೇ ಹತ್ತಿರಕ್ಕೆ ಬರಬಹುದು.

ನೀರಿನ ಮಟ್ಟ ತೋರಿಸುವ ಗಾಜು ನಕ್ಷೆಯ ಮಾತು ಮೀರಬೇಕಾದ ಇನ್ನೊಂದು ಜಾಗ. ಸ್ಕೇಲಿನ ಪ್ರಕಾರ ಅದು ಒಂದು ಮಿಲಿಮೀಟರೂ ಇರದು. 5 ಮಿ.ಮೀ. ಹಾಕಿ. ಅದಕ್ಕಿಂತ ಸಣ್ಣದರಲ್ಲಿ ನೀರಿನ ಗುಳ್ಳೆಗಳು ಗಾಜಿಗೆ ಅಂಟಿ ಕೂತು ಇಲ್ಲದ ನೀರನ್ನು ಇದೆ ಎಂದು ತೋರಿಸುತ್ತವೆ.

ಇಷ್ಟು ಚಿಕ್ಕ ಬಾಯ್ಲರಿನಲ್ಲಿ ಕಲ್ಲಿದ್ದಲು ಸುಡಬಹುದೇ ಎನ್ನುವುದು 1920ರ ದಶಕದ ದೊಡ್ಡ ಜಗಳ. ಎಲ್‌ಬಿಎಸ್‌ಸಿ ಎಂಬ ಹೆಸರಲ್ಲಿ ಬರೆಯುತ್ತಿದ್ದ ಇಂಗ್ಲಿಷ್ ಕುಶಲಕರ್ಮಿ ಎರಡೂವರೆ ಇಂಚು ಗೇಜಿನ ‘ಆಯೇಷಾ’ ಎಂಜಿನ್ನಿನಲ್ಲಿ ಕಲ್ಲಿದ್ದಲು ಸುಟ್ಟು, ಮನುಷ್ಯನನ್ನೇ ಕೂರಿಸಿ ಎಳೆದು ತೋರಿಸಿದ. ಆಗುತ್ತದೆ, ಆದರೆ ಮೊದಲ ಎಂಜಿನ್ನಿಗೆ ಬೇಡ. ಬ್ಯೂಟೇನ್ ಗ್ಯಾಸ್ ಇರಲಿ.

ಗ್ಯಾಸಿನಲ್ಲಿ ನೆನಪಿಡಬೇಕಾದ ನಿಯಮ ಒಂದೇ: ನೀರಿಗಿಂತ ಮೊದಲು ಗ್ಯಾಸ್ ಮುಗಿಯಬೇಕು. ಬೆಂಕಿಕೊಳವೆಯನ್ನು ಬಾಯ್ಲರಿನ ನಡುಮಧ್ಯದಿಂದ 9 ಮಿ.ಮೀ. ಕೆಳಗೆ ಕೂರಿಸಿದರೆ, 230 ಮಿ.ಲೀ. ನೀರು ತುಂಬಿದಾಗ ಕೊಳವೆಯ ನೆತ್ತಿ ಬಯಲಾಗುವ ಮುನ್ನ ಸಿಗುವುದು ಸುಮಾರು 100 ಮಿ.ಲೀ. ನಿಮಿಷಕ್ಕೆ 5 ಮಿ.ಲೀ. ಖರ್ಚು ಹಿಡಿದರೆ ಇಪ್ಪತ್ತು ನಿಮಿಷದ ಓಟ. ಇದಕ್ಕೆ 18 ಗ್ರಾಂ ಆಸುಪಾಸಿನ ಬ್ಯೂಟೇನ್ ಸಾಕು, ಸುಮಾರು 31 ಮಿ.ಲೀ. ಆದರೆ ಲೆಕ್ಕವನ್ನು ನಂಬಿ ಕೂರಬೇಡಿ. ಎಂಜಿನ್ನನ್ನು ಮೇಜಿನ ಮೇಲೆ ಚಕ್ರ ಎತ್ತಿ ನಿಲ್ಲಿಸಿ, ನೀರು ಅಳೆದು ಹಾಕಿ, ಗ್ಯಾಸ್ ತಾನಾಗಿ ಆರುವವರೆಗೂ ಓಡಿಸಿ. ಪೂರ್ತಿ ತಣ್ಣಗಾದ ಮೇಲೆ ಉಳಿದ ನೀರನ್ನು ಸುರಿದು ಅಳೆಯಿರಿ. 140 ಮಿ.ಲೀ.ಗಿಂತ ಕಡಿಮೆ ಇದ್ದರೆ ಗ್ಯಾಸ್ ಟ್ಯಾಂಕ್ ದೊಡ್ಡದಾಯಿತು. ತುಂಬುವ ವಾಲ್ವಿನ ಒಳಗೊಳವೆಯನ್ನು ಇನ್ನೂ ಕೆಳಕ್ಕೆ ಇಳಿಸಿ.

ಗ್ಯಾಸ್ ಹಚ್ಚುವುದು ಚಿಮಣಿಯ ಬಾಯಲ್ಲಿ. ಟಪ್ ಎಂದು ಸದ್ದಾಗಿ ಜ್ವಾಲೆ ಹಿಂದಕ್ಕೆ ಓಡಿ ಬರ್ನರಿನ ಮೇಲೆ ಕೂರುತ್ತದೆ. ಟಪ್ ಅನ್ನದಿದ್ದರೆ ಬೆಂಕಿ ಚಿಮಣಿಯ ಬುಡದಲ್ಲೇ ಉರಿಯುತ್ತಿದೆ, ಬಾಯ್ಲರಿಗೆ ಶಾಖವಿಲ್ಲ, ಬಣ್ಣ ಸುಡುತ್ತಿದೆ. ಗ್ಯಾಸ್ ತಗ್ಗಿಸಿ. ಸಿಳ್ಳೆ ಹೊಡೆದಂತೆ ಊಳಿಟ್ಟರೆ ಗಾಳಿಯ ಪ್ರಮಾಣ ತಪ್ಪಿದೆ. ಉರಿ ದಿನದಿಂದ ದಿನಕ್ಕೆ ಸೊರಗುತ್ತಿದ್ದರೆ ಜೆಟ್ಟಿನಲ್ಲಿ ಕಸ. ತೂತು 0.2 ಮಿ.ಮೀ. ಮಾತ್ರ, ಸೂಜಿ ಹಾಕಿದರೆ ಕೆಟ್ಟಿತು. ಬಿಚ್ಚಿ ಹಿಂದಿನಿಂದ ಗಾಳಿ ಊದಿ.

ಜೋಡಿಸುವಾಗ ಬಾಯ್ಲರನ್ನು ಚಿಮಣಿಯ ಬುಡದ ಸ್ಮೋಕ್‌ಬಾಕ್ಸಿನ ಕಡೆ ಮಾತ್ರ ಬಿಗಿಯಿರಿ. ಕಾದಾಗ ಅದು 0.4 ಮಿ.ಮೀ. ಉದ್ದವಾಗುತ್ತದೆ, ಎರಡೂ ತುದಿ ಬಿಗಿದರೆ ಫ್ರೇಮ್ ಬಾಗಿ, ಕಷ್ಟಪಟ್ಟು ಸರಿ ಮಾಡಿದ ರಾಡುಗಳು ಮತ್ತೆ ಬಿಗಿಯುತ್ತವೆ. ತಣ್ಣಗಿದ್ದಾಗ ಚೆನ್ನಾಗಿ ಓಡಿ ಬಿಸಿಯಾದಾಗ ಒದ್ದಾಡುವ ಎಂಜಿನ್ನುಗಳಲ್ಲಿ ಮೊದಲು ನೋಡಬೇಕಾದ್ದು ಇದನ್ನೇ. ಸಿಲಿಂಡರಿಗೆ ಹೋಗುವ ಉಗಿಯನ್ನು 3 ಮಿ.ಮೀ. ಸ್ಟೇನ್‌ಲೆಸ್ ಕೊಳವೆಯಲ್ಲಿ ಬೆಂಕಿಕೊಳವೆಯ ಒಳಗಿಂದ ಹಾಯಿಸಿ ಒಣಗಿಸಿ; ತಾಮ್ರದ ಸಣ್ಣ ಕೊಳವೆ ಅಲ್ಲಿ ಸುಟ್ಟುಹೋಗುತ್ತದೆ. ಬಾಯ್ಲರಿಗೂ ಸಿಲಿಂಡರಿಗೂ ಸೆರಾಮಿಕ್ ಕಾಗದ ಸುತ್ತಿ ತಗಡು ಹೊದಿಸಿ. ಕ್ಯಾಬ್, ನೀರಿನ ಟ್ಯಾಂಕು, ಬಣ್ಣ, ಇವುಗಳ ಬಗ್ಗೆ ಹೇಳುವವರು ಬಹಳ ಜನ ಇದ್ದಾರೆ, ನಾನು ಬಿಡುತ್ತೇನೆ.

ಎಣ್ಣೆ ಡಬ್ಬಿಯೊಂದನ್ನು ಮರೆಯುವಂತಿಲ್ಲ. ಉಗಿಯ ಕೊಳವೆಗೆ ಸಣ್ಣ ತೂತಿನಿಂದ ಸೇರಿದ ಮುಚ್ಚಿದ ಡಬ್ಬಿ ಅದು. ಒಳಗೆ ನುಗ್ಗಿದ ಉಗಿ ತಣಿದು ನೀರಾಗಿ ತಳಕ್ಕಿಳಿಯುತ್ತದೆ, ಅಷ್ಟೇ ಎಣ್ಣೆ ಮೇಲೆದ್ದು ಸಿಲಿಂಡರಿಗೆ ಹೋಗುತ್ತದೆ. ಒಂದೂ ಚಲಿಸುವ ಭಾಗವಿಲ್ಲ. ಅದಕ್ಕೆ ದಪ್ಪನೆ ಸ್ಟೀಮ್ ಆಯಿಲ್ ಬೇಕು. ಕಾರಿನ ಎಂಜಿನ್ ಆಯಿಲ್ ಹಾಕಿದರೆ ನೀರು ಬೆರೆತು ಮಜ್ಜಿಗೆಯಂತಾಗುತ್ತದೆ.

ಮೊದಲ ಓಟಕ್ಕೆ ಮುಂಚೆ ಒಂದು ಬಾರ್ ಗಾಳಿಯಲ್ಲಿ ಅರ್ಧ ಗಂಟೆ ಓಡಿಸಿ ಕೀಲುಗಳು ಕೂರಲಿ. ಉಗಿಯಲ್ಲಿ ಓಡಿಸುವಾಗ ಒತ್ತಡ 2 ಬಾರ್ ದಾಟಿದ ಮೇಲೆ ರೆಗ್ಯುಲೇಟರನ್ನು ಕೂದಲೆಳೆಯಷ್ಟು ತೆರೆದು ಎಂಜಿನ್ನನ್ನು ಕೈಯಲ್ಲೇ ಹಿಂದೆ ಮುಂದೆ ತಳ್ಳಿ. ಚಿಮಣಿಯಿಂದ ಬಿಸಿನೀರು ಕಾರುತ್ತದೆ, ಮುಖ ದೂರವಿರಲಿ. ನೀರು ನಿಂತು ಫುಸ್ ಫುಸ್ ಎಂಬ ಒಣ ದನಿ ಬಂದಾಗ ಸಿಲಿಂಡರ್ ಕಾದಿದೆ, ಆಗ ಬಿಡಿ. ಚಕ್ರದ ಪ್ರತಿ ಸುತ್ತಿನಲ್ಲಿ ನಾಲ್ಕು ಫುಸ್ ಸಮವಾಗಿ ಕೇಳಬೇಕು. ಕುಂಟಿದರೆ ಮೊದಲು ವಾಲ್ವ್ ರಾಡಿನ ನಟ್ಟನ್ನು ಅರ್ಧ ಸುತ್ತು ತಿರುಗಿಸಿ ನೋಡಿ, ಗೇರಿಗೆ ಕೈ ಹಾಕಬೇಡಿ. ಓಡಿಸಿ ಆದ ಮೇಲೆ ಎಣ್ಣೆ ಡಬ್ಬಿಯ ತಳದ ನೀರು ಬಸಿದು, ಬಾಯ್ಲರ್ ತಣ್ಣಗಾಗುವಾಗ ಒಳಗೆ ನಿರ್ವಾತವಾಗಿ ಡಬ್ಬಿಯ ಎಣ್ಣೆಯನ್ನು ಬಾಯ್ಲರಿಗೆ ಎಳೆದುಕೊಳ್ಳದಂತೆ ನೀರು ತುಂಬುವ ಮುಚ್ಚಳವನ್ನು ಒತ್ತಡ ಪೂರ್ತಿ ಇಳಿದ ಮೇಲೆ ಸಡಿಲಿಸಿಡಿ.